ಕೌದಿಯ ಹೊಟ್ಟೆ

9 ಅಕ್ಟೋಬರ್ 2006, ಸೋಮವಾರ

ಇವತ್ತು ಆಫೀಸಿಗೆ ಹೋದರೆ ನನ್ನ ಕುರ್ಚಿಯ ಮೇಲೆ ಇನ್ನೊಬ್ಬ ಕೂತಿದ್ದ. ನನ್ನ ಕುರ್ಚಿ! ಅದರ ಒಂದು ಕಾಲು ಕುಂಟು ಅನ್ನುವುದು ನನಗೆ ಗೊತ್ತು, ಅವನಿಗೆ ಗೊತ್ತಿಲ್ಲ. ಬೀಳಲಿ ಎಂದುಕೊಂಡೆ. ಬೀಳಲಿಲ್ಲ.

ನಮ್ಮ ಕೈಕೆಲಸದ ಸಂಘದ ಕಾರ್ಯದರ್ಶಿ ಶಿವಲಿಂಗಪ್ಪನವರ ಅಕ್ಕನ ಮಗನಂತೆ. ಅಂಬಿಕಾನಗರದ ಕಾಲೊನಿಯಲ್ಲಿ ಮನೆ. ಹೆಸರು ಗೂಳಪ್ಪ, ಆದರೆ ಕಿಸೆಯಿಂದ ತೆಗೆದುಕೊಟ್ಟ ಕಾರ್ಡಿನ ಮೇಲೆ ‘ಜಿ. ಕ್ರಿಯೇಷನ್ಸ್’ ಎಂದಿದೆ. ವೆಬ್‌ಸೈಟ್ ಚೆಂದ ಮಾಡುವುದು ಅವನ ಕಸುಬು. ನಮ್ಮದು ಚೆಂದ ಇಲ್ಲ ಎಂದು ಯಾರು ಹೇಳಿದರು?

“ಕರಿಷ್ಮಾ, ಇವಗ ಸರ್ವರಿಂದು ರೂಟ್ ಪಾಸ್‌ವರ್ಡ್ ಕೊಟ್ಟಬಿಡವಾ,” ಅಂದರು ಶಿವಲಿಂಗಪ್ಪನವರು. ಚಹಾ ತರಿಸು ಅನ್ನುವಷ್ಟು ಹಗುರವಾಗಿ.

ರೂಟ್ ಎಂದರೆ ಏನು ಅನ್ನುವುದು ಅವರಿಗೆ ತಿಳಿದಿದ್ದರೆ ತಾನೆ? ನಮ್ಮ ಹೆಂಗಸರ ಕೌದಿ, ಜೋಯಿಡಾದವರ ಬಿದಿರಿನ ಬುಟ್ಟಿ, ಜೇನು, ಎಲ್ಲದರ ಪುಟಗಳೂ ಇರುವುದು ಆ ಒಂದು ಬಾಡಿಗೆ ಸರ್ವರಿನಲ್ಲಿ. ಯಂತ್ರ ಎಲ್ಲೋ ಬೆಂಗಳೂರಿನಲ್ಲಿದೆ. ಹಳಿಯಾಳ ಬಸ್‌ಸ್ಟ್ಯಾಂಡಿನ ಎದುರಿನ ಈ ಮಹಡಿಯಲ್ಲಿ ಕೂತು ಅದನ್ನು ನೋಡಿಕೊಳ್ಳುವವಳು ನಾನು. ರೂಟ್ ಕೈಯಲ್ಲಿದ್ದವರು ಏನನ್ನು ಬೇಕಾದರೂ ಅಳಿಸಬಹುದು, ಯಾರನ್ನು ಬೇಕಾದರೂ ಹೊರಗೆ ಹಾಕಬಹುದು. ‘ಖಾತ್ರಿಯೇ?’ ಎಂದು ಅದು ತಿರುಗಿ ಕೇಳುವುದೂ ಇಲ್ಲ. ಅಂಥದ್ದನ್ನು ದಾರಿಹೋಕರಿಗೆ ಕೊಡಬೇಕಂತೆ.

“ರೂಟ್ ಕೊಡೂದಿಲ್ರಿ ಸರ್. ಪುಟ ಹಾಕಾಕ ಎಫ್‌ಟಿಪಿ ಸಾಕು. ನಮ್ಮ ಸೈಟಿನ ಫೋಲ್ಡರ್ ಬಿಟ್ಟು ಬ್ಯಾರೆ ಏನೂ ಕಾಣದಂಗ ಇವರಿಗೊಂದು ಖಾತೆ ಮಾಡಿಕೊಡ್ತೇನಿ,” ಅಂದೆ.

ಜಿ. ಕ್ರಿಯೇಷನ್ಸ್ ನಕ್ಕ. “ರೂಟ್ ಇದ್ರ ಕೆಲಸ ಲಗೂನ ಆಗತೈತ್ರಿ ಮೇಡಂ. ನಾ ಏನ ಕಳ್ಳನ?”

ಶಿವಲಿಂಗಪ್ಪನವರು ನಗಲಿಲ್ಲ. “ರಾಜ್ಯೋತ್ಸವದ ದಿನ ಹುಬ್ಬಳ್ಳ್ಯಾಗ ಮೇಳ ಐತಿ. ದೊಡ್ಡ ಪರದೆ ಮ್ಯಾಲ ನಮ್ಮ ಸೈಟ ತೋರಸ್ಬೇಕು. ಇವಗ ಏನ ಬೇಕೋ ಅದನ್ನ ಮಾಡಿಕೊಡು. ಇವನ ಕೆಲಸಕ್ಕ ಅಡ್ಡಾತು ಅಂದ್ರ ಕೀಲಿ ಇವನ ಕೈಗೆ ಕೊಟ್ಟು, ನೀ ಟೈಪಿಂಗ್ ಮಾಡ್ಕೋತ ಕೂಡು.”

ಟೈಪಿಂಗ್ ಅಂತೆ! ಡಿಪ್ಲೊಮಾ ಮಾಡಿದ್ದು ಟೈಪಿಂಗ್ ಮಾಡಲಿಕ್ಕಾ? ಮೊದಲ ಸಲ ಈ ಆಫೀಸಿಗೆ ಬಂದ ದಿನ ಇದೇ ಮನುಷ್ಯ ನನ್ನ ಮುಖ ನೋಡಿ, ಕಸ ಗುಡಿಸಲು ಬಂದವಳೆಂದುಕೊಂಡು, ಕಸಬರಿಗೆ ಬಾಗಿಲ ಹಿಂದೆ ಐತಿ ಅಂದಿದ್ದರು. ಆ ಸರ್ವರ್ ನನ್ನ ಕೈಯಿಂದ ಹೋದರೆ ನಾನು ಮತ್ತೆ ಅದೇ ಬಾಗಿಲ ಹಿಂದೆ. ಬಿಡುವುದಿಲ್ಲ.

11 ಅಕ್ಟೋಬರ್, ಬುಧವಾರ

ತಲೆ ಕೆಟ್ಟು ಮೊಸರಾಗಿದೆ.

ಅವನಿಗೆ ಖಾತೆ ಮಾಡಿದೆ. ಖಾತೆಯ ಜೊತೆ ಬರುವ ಫೋಲ್ಡರಿಗೆ ‘ಮನೆ’ ಅನ್ನುತ್ತಾರೆ; ಆ ಮನೆಯೊಳಗೇ ಅವನನ್ನು ಕೂಡಿ ಬೀಗ ಹಾಕಿದೆ. ಒಳಗೆ ಬಂದವನಿಗೆ ಆ ಮನೆಯೇ ಪ್ರಪಂಚ, ಹೊಸ್ತಿಲು ದಾಟುವ ಹಾಗಿಲ್ಲ. ಇಷ್ಟರ ಮಟ್ಟಿಗೆ ಸರಿಯಾಯಿತು. ಆದರೆ ನಮ್ಮ ಸೈಟಿನ ಮೂಲ ಫೋಲ್ಡರ್ ಇರುವುದು ಆ ಮನೆಯ ಹೊರಗೆ! ಅಂಬಿಕಾನಗರದಿಂದ ಬೆಳಗಿನಿಂದ ಫೋನೋ ಫೋನು.

“ಮೇಡಂ, ಏನೂ ಕಾಣವಲ್ದು.”

ಮನೆಯೊಳಗಿಂದ ಸೈಟಿನ ಫೋಲ್ಡರಿಗೆ ಒಂದು ಕೊಂಡಿ ಹಾಕಿದೆ.

“ಮೇಡಂ, ಹೆಸರ ಕಾಣ್ತೈತಿ, ಒಳಗ ಹೋಗಾಕ ಬಿಡವಲ್ದು.”

ಹೇಗೆ ಬಿಡುತ್ತದೆ? ಕೊಂಡಿ ಬೀಗ ದಾಟುವುದಿಲ್ಲ. ಅದು ನನಗೂ ಆಗಷ್ಟೇ ಗೊತ್ತಾಗಿದ್ದು, ಆದರೆ ಅವನಿಗೆ ಹಾಗೆ ಹೇಳಲಿಲ್ಲ. ನಿಮ್ಮ ಲೈನ್ ಸರಿ ಇಲ್ಲ ಅಂದೆ. ಊಟಕ್ಕೂ ಏಳದೆ ಕೂತು ಕೊನೆಗೆ ದಾರಿ ಹುಡುಕಿದೆ: ಸೈಟಿನ ಫೋಲ್ಡರನ್ನೇ ಅವನ ಮನೆಯೊಳಗೆ ಇನ್ನೊಂದು ಕಡೆಯಿಂದ ಕೂಡಿಸುವುದು. ನಕಲಲ್ಲ, ಕೊಂಡಿಯಲ್ಲ, ಅದೇ ಫೋಲ್ಡರ್. ಒಂದೇ ಕೋಣೆಗೆ ಎರಡು ಬಾಗಿಲು. ಒಂದು ಬಾಗಿಲು ನನ್ನ ಕಡೆ, ಇನ್ನೊಂದು ಅವನ ಮನೆಯೊಳಗೆ. ಅವನು ಕೋಣೆಗೆ ಬರಬಹುದು, ನನ್ನ ಕಡೆಗೆ ದಾಟಲಾರ.

ನನ್ನ ಬೆನ್ನು ನಾನೇ ತಟ್ಟಿಕೊಂಡೆ. ಇನ್ಯಾರು ತಟ್ಟುತ್ತಾರೆ ಇಲ್ಲಿ?

12 ಅಕ್ಟೋಬರ್

“ಹಾಂ, ಬಂತು” ಅಂದ. ಫೋನ್ ಇಟ್ಟ. ಅಷ್ಟೇ. ಥ್ಯಾಂಕ್ಸ್ ಅಂದರೆ ನಾಲಿಗೆ ಸವೆಯುತ್ತದೆ.

ಯಾರು ಏನು ಮಾಡಿದರೆಂಬ ಸರ್ವರಿನ ದಾಖಲೆ ತೆಗೆದು ನೋಡಿದರೆ, ಬಂದವನೇ ನಮ್ಮ ಫೋಟೋ ಎಲ್ಲವನ್ನೂ ತನ್ನ ಕಂಪ್ಯೂಟರಿಗೆ ಇಳಿಸಿಕೊಂಡಿದ್ದಾನೆ. ಒಂದೂ ಬಿಟ್ಟಿಲ್ಲ. ಯಾಕೆ ಬೇಕಂತೆ ಇವನಿಗೆ? ಇಳಿಸಿಕೊಳ್ಳದ ಹಾಗೂ ಕಟ್ಟಿ ಹಾಕಬೇಕಿತ್ತು.

17 ಅಕ್ಟೋಬರ್, ಮಂಗಳವಾರ

ಹೊಸ ಪುಟ ಹಾಕಿದ್ದಾನೆ. ನಿಜ ಹೇಳಬೇಕೆಂದರೆ, ಮೊದಲ ನೋಟಕ್ಕೆ ನನಗೂ ಚೆಂದ ಕಂಡಿತು. ಅದಕ್ಕೂ ಸಿಟ್ಟು ಬಂತು.

ಮಧ್ಯಾಹ್ನ ಅಗ್ನೆಸ್ ಮಾವಶಿ ಬಂದರು. ನನ್ನ ಆಯಿಯ, ಅಂದರೆ ತಾಯಿಯ, ಅಕ್ಕ. ತೇರಗಾಂವದ ಆಚೆ ನಮ್ಮ ಜನರ ಕೇರಿ, ವಾಡೆಯಲ್ಲಿ ಕೌದಿ ಹೊಲಿಯುವವರಿಗೆಲ್ಲ ಹಿರಿಯರು. ಬಸ್ಸಿಗೆ ಹೊತ್ತಿತ್ತು, ನಿಮ್ಮ ಕೌದಿ ಹೆಂಗ ಬಂದೈತಿ ನೋಡ್ರಿ ಅಂತ ನಾನೇ ಕರೆದು ಕೂರಿಸಿದೆ. ಕನ್ನಡಕ ಹಾಕಿಕೊಂಡು ಪರದೆಯ ಹತ್ತಿರ ಬಗ್ಗಿದರು. ಒಂದು ನೋಡಿದರು, ಎರಡು ನೋಡಿದರು. ಮುಖ ಇಳಿಯಿತು.

“ಇದೇನ ಪೋರಿ? ನನ್ನ ಕೌದಿ ಬತ್ತಲೆ ನಿಂತೈತಲ್ಲ!”

ಆಗ ನನಗೆ ಕಂಡಿತು. ನಾಲ್ಕೂ ಮೂಲೆಯ ಹೂವಿಲ್ಲ. ಯಾವ ಕೌದಿಗೂ ಇಲ್ಲ.

ನಮ್ಮಲ್ಲಿ ಕೌದಿ ಹೊಲಿಯುವುದು ಅಂಚಿನಿಂದ ಒಳಗೆ. ಒಂದು ಮೂಲೆಯಿಂದ ಹಿಡಿದು ಸುತ್ತು ಬರುತ್ತ ನಡುವಿಗೆ ಬಂದು ಮುಗಿಸುತ್ತಾರೆ. ನಾಲ್ಕು ಮೂಲೆಗೆ ಬಣ್ಣದ ಬಟ್ಟೆಯನ್ನು ಮುಕ್ಕೋನ ಮಡಚಿ ಹೂವು ಕೂಡಿಸುತ್ತಾರೆ. ಅದನ್ನು ಮಾವಶಿ ಫೂಲ ಅನ್ನುತ್ತಾರೆ. ಎಷ್ಟೇ ಚೆಂದದ ಕೌದಿಯಾದರೂ ಫೂಲ ಇಲ್ಲದೆ ಯಾರಿಗೂ ಹೊದಿಸುವುದಿಲ್ಲ, ಕೂಸಿಗಂತೂ ಇಲ್ಲವೇ ಇಲ್ಲ.

ಮಾವಶಿ ಕನ್ನಡಕ ತೆಗೆದು ಮಡಚಿದರು. ಮೈ ಮುಚ್ಚಿಕೊಳ್ಳುವ ಹಾಗೆ ಸೆರಗು ಹೊದ್ದುಕೊಂಡು ಮೆಟ್ಟಿಲು ಇಳಿದು ಹೋದರು.

ಅವನಿಗೆ ಫೋನ್ ಹಚ್ಚಿದೆ.

“ಹೂಂ ರೀ, ನಾನ ಕತ್ತರಿಸೇನಿ. ಚೌಕೋನ ಕೂಡಬೇಕಲ್ರಿ ಪುಟದಾಗ. ಮೂಲ್ಯಾಗ ಆ ಚುಂಚ ಚುಂಚ ಬಟ್ಟಿ ಹೊರಗ ಬಂದಿದ್ವು, ಹೊಲಸ ಕಾಣ್ತಿದ್ವು.”

ಹೊಲಸು! ಬಾಯಿಗೆ ಬಂದಂತೆ ಬೈದೆ. ಕೆಳಗಿನ ಅಂಗಡಿಯವರು ತಲೆ ಎತ್ತಿ ನೋಡಿದರು. ನೋಡಲಿ. ಬುದ್ಧಿಗೇಡಿ, ಕಣ್ಣಿದ್ದೂ ಕುರುಡ, ಯಾರ ಕೈಯ ಕೆಲಸಕ್ಕೆ ಕತ್ತರಿ ಹಾಕಿದಿ ಗೊತ್ತೈತೇನು, ಇನ್ನೂ ಏನೇನೋ. ಅವನು ಏನೋ ಕೇಳಲಿಕ್ಕೆ ಬಾಯಿ ತೆಗೆದ. ಫೋನ್ ಕುಕ್ಕಿದೆ.

19 ಅಕ್ಟೋಬರ್, ಗುರುವಾರ

ನಿನ್ನೆ ಫೋಟೋಗಳ ಫೋಲ್ಡರಿನಲ್ಲಿ ಅವನಿಗಿದ್ದ ಬರೆಯುವ ಹಕ್ಕು ಕಿತ್ತುಕೊಂಡೆ. ನೋಡಬಹುದು, ಮುಟ್ಟುವ ಹಾಗಿಲ್ಲ. ಮಾವನ ಹತ್ತಿರ ಹೋಗಿ ಅತ್ತಿರಬೇಕು. ಇವತ್ತು ಶಿವಲಿಂಗಪ್ಪನವರು ಮೆಟ್ಟಿಲು ಏರುವಾಗಲೇ ಕೂಗುತ್ತ ಬಂದರು.

“ಏನವಾ, ಸರ್ವರ್ ಏನ ನಿಮ್ಮಪ್ಪ ಮಾನ್ವೆಲ್ ಗಳಿಸಿ ಇಟ್ಟಾನೇನ? ಎಲ್ಲಾರ್ನೂ ಹೊರಗ ಹಾಕ್ಕೋತ ಹೊಂಟೀಯಲ್ಲ!”

“ಫೂಲ ಕತ್ತರಿಸ್ಯಾನ್ರಿ ಸರ್.”

“ಫೂಲ ಗೀಲ ನನಗ ಹೇಳಬ್ಯಾಡ. ದೀಪಾವಳಿ ಮುಗಿದ ಸೋಮವಾರಕ್ಕ ರೂಟ್ ಪಾಸ್‌ವರ್ಡ್ ಗೂಳಪ್ಪನ ಕೈಯಾಗ ಇರಬೇಕು. ಮುಗೀತು.”

ಮನೆಗೆ ಬಂದು ಬಾಬಾಗೆ, ಅಪ್ಪನಿಗೆ, ಹೇಳಿದರೆ, ದಿನವಿಡೀ ಕಬ್ಬಿನ ಗದ್ದೆಯಲ್ಲಿ ದುಡಿದು ಬಂದವರು, ತಟ್ಟೆಯಿಂದ ತಲೆ ಎತ್ತದೆ, “ದೊಡ್ಡಾವ್ರ ಜೋಡಿ ಜಗಳ ಯಾಕ ಪೋರಿ, ಕೊಟ್ಟ ಬಿಡು” ಅಂದರು. ಇವರ ಮೇಲೂ ಸಿಟ್ಟು ಬಂತು. ಕೊಟ್ಟು ಬಿಡು, ಬಿಟ್ಟು ಕೊಡು. ಹುಟ್ಟಿದಾಗಿನಿಂದ ಇದೇ ಕೇಳಿದ್ದೇನೆ. ನನ್ನ ತಟ್ಟೆ ಸರಿಸಿ ಎದ್ದೆ.

20 ಅಕ್ಟೋಬರ್, ಶುಕ್ರವಾರ

ದೇವರೇ, ಏನು ಮಾಡಿಬಿಟ್ಟೆ.

21 ಅಕ್ಟೋಬರ್

ಬರೆದರಾದರೂ ಎದೆ ಹಗುರಾಗುತ್ತದೋ ನೋಡುತ್ತೇನೆ.

ನಿನ್ನೆ ಹಬ್ಬದ ರಜೆ. ಆಫೀಸಿನಲ್ಲಿ ಯಾರೂ ಇರಲಿಲ್ಲ. ಬೇಕೆಂದೇ ಹೋದೆ. ಸೋಮವಾರ ಕೀಲಿ ಕೊಡಬೇಕಾದರೆ ಕೊಡುತ್ತೇನೆ, ಆದರೆ ಅದಕ್ಕೆ ಮೊದಲು ಜಿ. ಕ್ರಿಯೇಷನ್ಸ್ ಅನ್ನುವ ಹೆಸರು ನನ್ನ ಸರ್ವರಿನಲ್ಲಿ ಇರಬಾರದು, ಅಷ್ಟೇ ತಲೆಯಲ್ಲಿದ್ದದ್ದು. ಬರೀ ಖಾತೆ ಅಳಿಸಿದ್ದರೆ ಸಾಕಿತ್ತು. ಸಾಲಲಿಲ್ಲ ನನಗೆ. ಖಾತೆಯನ್ನು ಅವನ ಮನೆ ಸಮೇತ ಅಳಿಸು ಎಂದು ಕೊಟ್ಟೆ. ಸಮೇತ ಎಂದು ಸೇರಿಸುವಾಗ ಖುಷಿಯಾಗಿತ್ತು. ಆ ಖುಷಿ ಈಗಲೂ ನೆನಪಿದೆ, ಅದೇ ಮೈ ಉರಿಸುತ್ತಿದೆ.

ಯಂತ್ರ ಕೂಡಲೇ ಉತ್ತರ ಕೊಡಲಿಲ್ಲ. ಇವನ ಮನೆಯಲ್ಲಿ ಇಷ್ಟೊಂದು ಏನಿತ್ತಪ್ಪ ಅಳಿಸಲಿಕ್ಕೆ ಅಂದುಕೊಂಡೆ. ಹಾಗೆ ಅಂದುಕೊಳ್ಳುತ್ತಿರುವಾಗಲೇ ಹೊಳೆಯಿತು. ಅವನ ಮನೆಯೊಳಗೆ ಇದ್ದದ್ದು ನಮ್ಮ ಸೈಟು. ಒಂದೇ ಕೋಣೆಗೆ ಎರಡು ಬಾಗಿಲು ಇಟ್ಟವಳು ನಾನೇ. ಮನೆಗೆ ಬೆಂಕಿ ಹಚ್ಚಿದವಳೂ ನಾನೇ. ತಡೆಯಲಿಕ್ಕೆ ಕೀಲಿ ಒತ್ತಿದೆ. ಅಷ್ಟರಲ್ಲಿ ಮುಗಿದಿತ್ತು.

ಕೌದಿ ಹೋಯಿತು, ಬುಟ್ಟಿ ಹೋಯಿತು, ಜೇನು ಹೋಯಿತು. ಬ್ಯಾಕಪ್ ಇತ್ತಲ್ಲ ಅಂದರೆ, ಅದನ್ನೂ ಅದೇ ಫೋಲ್ಡರಿನ ಒಳಗೇ ಇಟ್ಟಿದ್ದೆ, ಬೇಕೆಂದಾಗ ಇಳಿಸಿಕೊಳ್ಳಲು ಸಲೀಸಾಗಲಿ ಅಂತ. ಫೋಟೋ ತೆಗೆದವರು ಯಾವಾಗಲೋ ಊರು ಬಿಟ್ಟರು. ಫೋಟೋದಲ್ಲಿದ್ದ ಕೌದಿಗಳಲ್ಲಿ ಅರ್ಧದಷ್ಟು ಮಾರಿ ಹೋಗಿವೆ. ಮಾವಶಿ ತಾವೇ ಹೊಲಿದು ಮಾರಿ, ಇಂದಿಗೂ ಮರೆಯಲಾರದ ಆ ಕೆಂಪಂಚಿನ ಕೌದಿ ಈಗ ಯಾವ ದೇಶದಲ್ಲಿ ಯಾರ ಮೈ ಮುಚ್ಚಿದೆಯೋ. ಮೇಳದ ಪರದೆಯ ಮೇಲೆ ಏನು ತೋರಿಸುವುದು, ನನ್ನ ಮುಖವನ್ನೇ?

ಫೋಟೋ ಇರುವುದು ಒಂದೇ ಕಡೆ. ಇಳಿಸಿಕೊಂಡವನ ಕಡೆ.

ಅವನ ಮುಂದೆ ಕೈ ಚಾಚುವುದಕ್ಕಿಂತ ಕಾಳಿ ಹೊಳೆ ಹಾರುವುದು ಲೇಸು.

22 ಅಕ್ಟೋಬರ್, ಭಾನುವಾರ

ಹಾರಲಿಲ್ಲ. ದಾಂಡೇಲಿಗೆ ಹೋಗಿ ಬಸ್ಸು ಬದಲಿಸಿ ಅಂಬಿಕಾನಗರಕ್ಕೆ ಹೋದೆ. ಎಲ್ಲ ಕ್ವಾರ್ಟರ್ಸೂ ಒಂದೇ ಥರ. ಎರಡು ಮನೆಯ ಬಾಗಿಲು ಸುಮ್ಮನೆ ಬಡಿದೆ. ಮೂರನೆಯದಕ್ಕೆ ಅವನೇ ಬಂದ, ತಲೆಗೆ ಎಣ್ಣೆ ಹಚ್ಚಿಕೊಂಡು, ಬನಿಯನ್ ಮೇಲೆ.

“ನೀವ? ಬರ್ರಿ, ಒಳಗ ಬರ್ರಿ,” ಎಂದು ಅಂಗಿ ಹುಡುಕಲು ಓಡಿದ.

ಅವನ ತಾಯಿ ನೀಲಕ್ಕ ಚಕ್ಕಲಿ, ಶಂಕರಪಾಳಿ ತಂದಿಟ್ಟರು. ಹಬ್ಬದ ದಿನ ಬಂದೀಯವಾ, ತಿನ್ನು ಅಂದರು. ತಟ್ಟೆ ಮುಟ್ಟಲಿಲ್ಲ. ನಿಂತೇ ಹೇಳಿದೆ. ನಿಮ್ಮ ಖಾತೆ ಅಳಿಸಿದೆ, ಸಿಟ್ಟಿನಿಂದ, ಮನೆ ಸಮೇತ. ಎಲ್ಲ ಹೋಯಿತು. ಕ್ಷಮಿಸಿ ಅನ್ನಲಿಲ್ಲ. ಅನ್ನಬೇಕೆಂದೇ ಹೋಗಿದ್ದೆ, ಬಾಯಿಗೆ ಬರಲಿಲ್ಲ.

ನಗುತ್ತಾನೆ ಅಂದುಕೊಂಡಿದ್ದೆ. ಅವನ ಮುಖ ಬಿಳಿಚಿತು. “ಎಲ್ಲಾನೂ? ಬುಟ್ಟಿದೂ?” ಎಂದು ಕೇಳಿ, ಸೀದಾ ಕಂಪ್ಯೂಟರ್ ಹಚ್ಚಿದ. ‘ಮೇಡಂ ಒರಿಜಿನಲ್’ ಅನ್ನುವ ಫೋಲ್ಡರ್. ಒಳಗೆ ಎಲ್ಲ ಇದ್ದವು. ಕತ್ತರಿಸುವುದಕ್ಕೆ ಮುಂಚಿನವು, ನಾಲ್ಕೂ ಮೂಲೆಯ ಹೂವಿನ ಸಮೇತ. ಕೆಂಪಂಚಿನದೂ ಇತ್ತು. ನನಗೆ ಅಳು ಬಂತು. ಆ ಮನೆಯಲ್ಲಿ, ಅವನ ಮುಂದೆ! ಇದಕ್ಕಿಂತ ಅವಮಾನ ಇನ್ನೇನಿದೆ?

ಅವನು ಪರದೆಯ ಕಡೆಗೇ ನೋಡುತ್ತ ಕೇಳಿದ: “ಒಂದ ಮಾತ ಕೇಳ್ತೇನಿ, ಬೈಬ್ಯಾಡ್ರಿ. ಈ ಮೂಲ್ಯಾಗಿನದು ಏನ್ರಿ ಅದು? ಅವತ್ತ ಫೋನಿನ್ಯಾಗ ಕೇಳಬೇಕಂದೆ, ನೀವು ಇಟ್ಟಬಿಟ್ರಿ.”

ಹೇಳಿದೆ. ಫೂಲ ಅಂದರೇನು, ಯಾಕೆ ಇರಬೇಕು, ಇಲ್ಲದಿದ್ದರೆ ಏನನ್ನುತ್ತಾರೆ. ಬಾಗಿಲಲ್ಲಿ ನಿಂತಿದ್ದ ನೀಲಕ್ಕ ಕೆನ್ನೆಗೆ ಕೈ ಹಚ್ಚಿ, “ಅಯ್ಯ ನನ ಮಗನ, ಬತ್ತಲೆ ಮಾಡಿ ಊರಿಗೆಲ್ಲಾ ತೋರಿಸೀಯಲ್ಲೋ!” ಅಂದರು. ಅವನ ಕಿವಿ ಕೆಂಪಾದವು.

“ಇದನ್ನ ಮೊದಲ ಹೇಳಿದ್ರ ಮುಟ್ತಿದ್ನೇನ್ರಿ? ಕೌದಿ ಅಂದ್ರ ನಮ್ಮಜ್ಜಿ ಹಳೇ ಸೀರಿ ಕೂಡಿಸಿ ಹೊಲದದ್ದು ಅಷ್ಟ ಕಂಡಾಂವ ನಾನು.”

ಹೇಳಿದ್ದೆನಲ್ಲ, ಅನ್ನಲು ಹೋದೆ. ಬಸ್ಸಿನಲ್ಲಿ ಕೂತು ಯೋಚಿಸಿದೆ. ಬೈದದ್ದು ಒಂದೊಂದು ಶಬ್ದವೂ ನೆನಪಿದೆ. ಹೇಳಿದ್ದು ನೆನಪಿಲ್ಲ.

ಆದರೂ ‘ಹೊಲಸು’ ಅಂದದ್ದು ತಪ್ಪೇ. ಅದನ್ನು ಬಿಡುವುದಿಲ್ಲ.

23 ಅಕ್ಟೋಬರ್, ಸೋಮವಾರ

ಗೂಳಪ್ಪ ಫೋಟೋಗಳನ್ನು ಸಿಡಿಯಲ್ಲಿ ಹಾಕಿಕೊಂಡು ಬೆಳಿಗ್ಗೆಯೇ ಬಂದಿದ್ದ. ಮಾವನಿಗೆ ಏನೂ ಹೇಳಿರಲಿಲ್ಲ. “ನೀವ ಹೇಳ್ರಿ, ನಾ ಹೇಳಿದ್ರ ಚಾಡಿ ಆಗತೈತಿ,” ಅಂದ.

ಶಿವಲಿಂಗಪ್ಪನವರಿಗೆ ನಾನೇ ಹೇಳಿದೆ. ಅಗ್ನೆಸ್ ಮಾವಶಿಯೂ ಇದ್ದರು, ಮೇಳಕ್ಕೆ ಯಾವ ಕೌದಿ ಒಯ್ಯುವುದೆಂದು ಕೇಳಲು ಬಂದಿದ್ದರು. ಇನ್ನೂ ಕೂಗುತ್ತಾರೆ ಎಂದು ಕಾದರೆ ಶಿವಲಿಂಗಪ್ಪನವರು ಕೂಗಲಿಲ್ಲ. ಮೆಲ್ಲಗೆ ಅಂದರು. ಅದು ಇನ್ನೂ ಚುಚ್ಚಿತು.

“ಈಗರೆ ಕೀಲಿ ಕೊಡ್ತೀಯೋ ಇಲ್ಲೋ?”

ಹೌದು ಅಂದೆ. ಕೊಡಬೇಕಾದ್ದೇ. ಚೀಟಿಯಲ್ಲಿ ಬರೆದು ಗೂಳಪ್ಪನ ಮುಂದೆ ಚಾಚಿದೆ. ಅವನು ತೆಗೆದುಕೊಳ್ಳಲಿಲ್ಲ.

“ನಂಗ ಬ್ಯಾಡ ಮಾವಾ.”

“ಯಾಕಲೇ? ನೀನ ಬೇಕಂದೀಯಲ್ಲ!”

“ಅಂದಿದ್ದೆ. ನಂಗೂ ಸಿಟ್ಟ ಬರತೈತ್ರಿ. ಅವತ್ತ ಇವರು ಬೈದಾಗ ರೂಟ್ ನನ್ನ ಕೈಯಾಗ ಇದ್ದಿದ್ರ, ಇವರಿಗಿಂತ ಮೊದಲ ನಾನ ಅಳಸ್ತಿದ್ದೆ.”

ಶಿವಲಿಂಗಪ್ಪನವರು ಅವನನ್ನು ನೋಡಿದರು, ನನ್ನನ್ನು ನೋಡಿದರು, ನಮ್ಮಿಬ್ಬರನ್ನೂ ಹುಟ್ಟಿಸಿದವರನ್ನು ಮನಸ್ಸಿನಲ್ಲೇ ಬೈದಿರಬೇಕು. ಅಷ್ಟರಲ್ಲಿ ಮಾವಶಿ ಕೈ ನೀಡಿದರು.

“ನನಗ ಕೊಡ್ರಿ.”

“ನೀ ತಗೊಂಡು ಏನ ಮಾಡ್ತೀಯವಾ ಅಗ್ನೆಸ್? ನಿನಗ ಅದನ್ನ ಒತ್ತಾಕ ಬರೂದಿಲ್ಲ.”

“ಬರೂದಿಲ್ಲ ಅಂತನ ಕೊಡ್ರಿ.”

ಶಿವಲಿಂಗಪ್ಪನವರು ತಲೆ ಕೆರೆದುಕೊಂಡು, ಆಗಲಿ ಎಂದು ಚಹಾ ತರಿಸಿದರು.

29 ಅಕ್ಟೋಬರ್, ಭಾನುವಾರ

ಈ ವಾರ ಬರೆಯಲು ಪುರಸೊತ್ತೇ ಇರಲಿಲ್ಲ. ಸೈಟು ಮತ್ತೆ ಎದ್ದು ನಿಂತಿದೆ. ಪ್ರತಿ ಕೌದಿಯೂ ನಾಲ್ಕು ಹೂವಿನೊಂದಿಗೆ. ಚೌಕಟ್ಟಿನಿಂದ ಹೂವು ಹೊರಗೆ ಚಾಚುವ ಹಾಗೆ ಪುಟವನ್ನೇ ಬದಲಿಸಿದ್ದಾನೆ ಗೂಳಪ್ಪ. ಅವನಿಗೆ ಹೊಸ ಖಾತೆ ಮಾಡಿದೆ, ಮೊದಲಿನಂತೆಯೇ ಬೀಗ ಹಾಕಿ. ಬ್ಯಾಕಪ್ ಬೇರೆ ಕಡೆ ಇಟ್ಟೆ, ಒಂದು ಪ್ರತಿ ಅವನ ಹತ್ತಿರವೂ ಇರುತ್ತದೆ. ನನಗೂ ಒಂದು ಖಾತೆ ಮಾಡಿಕೊಂಡೆ. ದಿನದ ಕೆಲಸಕ್ಕೆ ಸಾಕಾಗುವಷ್ಟು ಹಕ್ಕು, ಹೆಚ್ಚಿಲ್ಲ. ಯಾರ ಖಾತೆಯನ್ನೂ ಅಳಿಸಲಾರೆ.

ಆಮೇಲೆ ರೂಟಿಗೆ ಹೊಸ ಪಾಸ್‌ವರ್ಡ್. ಶಿವಲಿಂಗಪ್ಪನವರು ಪಕ್ಕದಲ್ಲೇ ನಿಂತಿದ್ದರು. ಹಳೇ ಚೀಟಿ ಹರಿದು, ನೆನಪಿನಲ್ಲಿ ಉಳಿಯದಂಥ ಉದ್ದನೆಯ ಅಕ್ಷರ, ಅಂಕಿಗಳನ್ನು ಯಂತ್ರದಿಂದಲೇ ಮಾಡಿಸಿ, ಒಂದು ಬಟ್ಟೆಯ ತುಂಡಿನ ಮೇಲೆ ಮಾಸದ ಶಾಯಿಯಲ್ಲಿ ಬರೆದೆ. ಬಟ್ಟೆಯ ಮೇಲೆ ಬರಿ ಎಂದವರು ಮಾವಶಿ.

ಸಂಜೆ ಅವರ ಜಗುಲಿಯಲ್ಲಿ ಕೂತೆ. ತೊಟ್ಟಿಲಿಗೆ ಹಾಸುವಂಥ ಸಣ್ಣ ಕೌದಿಯೊಂದು ನಡುವಿನವರೆಗೆ ಬಂದಿತ್ತು, ಅಂಗೈಯಗಲದ ಜಾಗ ಮಾತ್ರ ಬಾಕಿ. ಅಲ್ಲಿಗೆ ಕೊನೆಯ ತುಂಡು ಹಾಕುವ ಮೊದಲು ನಮ್ಮ ಮನೆಗಳಲ್ಲಿ ನಾಲ್ಕು ಅಕ್ಕಿಕಾಳು ಹಾಕುತ್ತಾರೆ. ಕೌದಿಯ ಹೊಟ್ಟೆ ಖಾಲಿ ಇರಬಾರದು. ಮಾವಶಿ ಅಕ್ಕಿ ಹಾಕಿದರು. ಆಮೇಲೆ ನನ್ನ ಕೈಯ ಬಟ್ಟೆಯ ತುಂಡನ್ನು ತೆಗೆದುಕೊಂಡು, ಓದದೆ, ಮಡಚಿ ಅಕ್ಕಿಯ ಜೊತೆಗಿಟ್ಟು, ಮೇಲೆ ಕೆಂಪು ತುಂಡು ಹಾಕಿ ಹೊಲಿದುಬಿಟ್ಟರು.

“ಬೇಕಾದ್ರ?” ಅಂದೆ.

“ಬೇಕಾದ್ರ ಬಿಚ್ಚೂಣು. ನೀ, ನಾ, ಆ ಹುಡುಗ, ನಿಮ್ಮ ಸಾಹೇಬ, ಎಲ್ಲಾರೂ ಕೂತ ಬಿಚ್ಚೂಣು,” ಎಂದು ಹಲ್ಲಿನಿಂದ ದಾರ ಕಡಿದರು.

ಇದೆಂಥ ಪದ್ಧತಿ ಎಂದು ಒಳಗೊಳಗೇ ರೇಗಿತು. ಫೂಲ ಕೂಡಿಸಲು ಸೂಜಿ ನನ್ನ ಕೈಗೆ ಕೊಟ್ಟರು. ನಾಲ್ಕೂ ನಾನೇ ಕೂಡಿಸಿದೆ. ಒಂದು ಸೊಟ್ಟಗಿದೆ.

9 ನವೆಂಬರ್, ಗುರುವಾರ

ಮೇಳ ಚೆನ್ನಾಗಿ ಆಯಿತು ಎಂದು ಎಲ್ಲರೂ ಹೇಳುತ್ತಾರೆ. ದೊಡ್ಡ ಪರದೆಯ ಮೇಲೆ ಕೆಂಪಂಚಿನ ಕೌದಿ ಬಂದಾಗ ಮಾವಶಿ ಎದ್ದು ನಿಂತುಬಿಟ್ಟರಂತೆ, ಸಂಬಂಧಿಕರು ಬಂದ ಹಾಗೆ. ನಾನು ತಂತಿ ಹಿಡಿದು ಪರದೆಯ ಹಿಂದೆ ಇದ್ದೆ, ನೋಡಲಾಗಲಿಲ್ಲ. ಗೂಳಪ್ಪ ಹೇಳಿದ.

ಸಣ್ಣ ಕೌದಿ ಮಾರಾಟಕ್ಕಿಲ್ಲ. ಮಾವಶಿಯೇ ಬಂದು ಅದನ್ನು ಆಫೀಸಿನ ನನ್ನ ಕುಂಟು ಕುರ್ಚಿಗೆ ಹಾಸಿ ಹೋಗಿದ್ದಾರೆ. ಅದರ ಮೇಲೆ ಕೂತೇ ಕೆಲಸ ಮಾಡುತ್ತೇನೆ. ಮುಂದಿನ ಎರಡು ಮೂಲೆಯ ಹೂವುಗಳು ಮೊಣಕಾಲಿಗೆ ತಾಗುತ್ತಿರುತ್ತವೆ.

ಇವತ್ತು ಶಿವಲಿಂಗಪ್ಪನವರು ಯಾರೋ ಅತಿಥಿಗಳನ್ನು ಕರೆತಂದು, ಸೈಟೆಲ್ಲ ನಮ್ಮ ಅಳಿಯಂದು, ಈಕಿ ಟೈಪಿಂಗ್ ನೋಡ್ಕೋತಾಳ ಅಂದರು. ನನ್ನ ಎದುರೇ! ರಕ್ತ ನೆತ್ತಿಗೇರಿತು. ಇವರ ಖಾತೆ, ಇವರ ಈಮೇಲ್, ಇವರ ಹೆಸರಿನ ಪುಟ, ಎಲ್ಲ ಎಲ್ಲಿವೆ ಎಂದು ನನಗೆ ಗೊತ್ತು. ಕೀಲಿಮಣೆಯ ಮೇಲೆ ಕೈ ಇಟ್ಟೆ. ಕತ್ತರಿ ಮೇಜಿನ ಮೇಲೇ ಇತ್ತು. ಕೌದಿ, ಅದರ ಹೊಟ್ಟೆಯೊಳಗಿನ ಕೀಲಿಯೊಂದಿಗೆ, ನನ್ನ ಕೆಳಗೇ ಇತ್ತು. ಮೊಣಕಾಲಿಗೆ ತಾಗುತ್ತಿದ್ದ ಹೂವನ್ನು ಹಿಡಿದುಕೊಂಡೆ, ನಾನು ಹೊಲಿದ ಆ ಸೊಟ್ಟ ಹೂವು.

“ಟೈಪಿಂಗ್ ಅಲ್ರಿ ಸರ್, ಸರ್ವರ್ ನಾನ ನೋಡ್ಕೊಳ್ತೇನಿ,” ಅಂದೆ, ಅತಿಥಿಗಳ ಕಡೆ ತಿರುಗಿ, ಗಟ್ಟಿಯಾಗಿ. ಆಮೇಲೆ ಕೆಳಗಿಳಿದು ಚಹಾ ಕುಡಿದು ಬಂದೆ.